ಹಂದಿಮರಿ ಬಹುಮಾನದ ಸೈಕಲ್ ಪಂದ್ಯ

ಪಂದ್ಯದಲ್ಲಿ ಗೆದ್ದವನಿಗೆ ಬೆಳ್ಳಿಯ ಬಟ್ಟಲನ್ನೋ ಹಣದ ಥೈಲಿಯನ್ನೋ ಕೊಡುವುದು ಲೋಕದ ರೂಢಿ. ಫ್ರಾನ್ಸಿನ ಉತ್ತರ ಭಾಗದಲ್ಲಿ 1896ರಲ್ಲಿ ಆರಂಭವಾದ ಪ್ಯಾರಿಸ್–ರೂಬೆ ಎಂಬ ಪ್ರಖ್ಯಾತ ಸೈಕಲ್ ಪಂದ್ಯದಲ್ಲಿ ಮಾತ್ರ ವಿಜಯಿಗೆ ದೊರೆಯುವುದು ಪೀಠದ ಮೇಲೆ ಕೂರಿಸಿದ ಒಂದು ಹಾಸುಗಲ್ಲು. ಅದೂ ವಿಚಿತ್ರವೆನಿಸದವರಿಗೆ ಅದೇ ದೇಶದ ಪಶ್ಚಿಮದ ತುದಿಯಲ್ಲಿ ಇನ್ನೊಂದು ಪಂದ್ಯವಿದೆ. ಅಲ್ಲಿನ ಬಹುಮಾನ ಕಲ್ಲಲ್ಲ. ಕೈಯಲ್ಲಿ ಹಿಡಿದರೆ ಕೊಸರಾಡುವ, ಕಿರುಚುವ, ಜೀವಂತವಾದ ಒಂದು ಹಂದಿಮರಿ!

ಪಂದ್ಯದ ಹೆಸರು ‘ಟ್ರೋ ಬ್ರೋ ಲೇಯೋನ್’. ಲೇಯೋನ್ ಸೀಮೆಯ ಸುತ್ತು ಎಂದು ಅದರ ಅರ್ಥ. ಇದು ಫ್ರೆಂಚ್ ಮಾತಲ್ಲವೆಂಬುದನ್ನು ಮೊದಲೇ ಗಮನಿಸಬೇಕು. ಹಂದಿಮರಿಯೂ ಪಂದ್ಯ ಗೆದ್ದವನಿಗೆ ಮೀಸಲಾದುದಲ್ಲ. ಇಟಲಿಯವನೋ ಬೆಲ್ಜಿಯಮ್ಮಿನವನೋ ಎಲ್ಲರಿಗಿಂತ ಮುಂದೆ ಬಂದು ಪ್ರಥಮ ಬಹುಮಾನವನ್ನು ಕೊಂಡೊಯ್ಯಬಹುದು. ಆದರೆ ಮರಿ ಸಲ್ಲುವುದು ಬ್ರಿಟನಿ ಪ್ರಾಂತದ ಸವಾರರಲ್ಲಿ ಯಾರು ಮೊದಲಿಗನೋ ಅವನಿಗೆ. ಮನೆಯ ಮಗನಿಗೆ ಮನೆಯ ಬಹುಮಾನ! ಹಂದಿ ಸಾಕಣೆಗೆ ಹೆಸರಾದ ಒಕ್ಕಲು ನಾಡಿನಲ್ಲಿ ಇದಕ್ಕಿಂತ ಹೃತ್ಪೂರ್ವಕವಾದ ಉಡುಗೊರೆ ಇನ್ನೇನಿದ್ದೀತು? ನಮ್ಮ ಹಳ್ಳಿಗಳ ಜಾತ್ರೆಯ ಕುಸ್ತಿಯಲ್ಲಿ ಗೆದ್ದವನ ಕೈಗೆ ಟಗರಿನ ಹಗ್ಗ ಕೊಡುವುದನ್ನು ಕಂಡವರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ.

ಫ್ರಾನ್ಸಿನ ಭೂಪಟವನ್ನು ಬಿಡಿಸಿ ನೋಡಿದರೆ, ಎಡಬದಿಯಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಮೂಗೊಂದು ಕಾಣುತ್ತದೆ. ಅದೇ ಬ್ರಿಟನಿ. ಆ ಮೂಗಿನ ತುದಿಯ ಜಿಲ್ಲೆಯ ಹೆಸರು ಫಿನಿಸ್ಟೇರ್, ಎಂದರೆ ‘ಭೂಮಿಯ ಕೊನೆ’. ಅದರ ವಾಯವ್ಯ ಮೂಲೆಯೇ ಲೇಯೋನ್. ಕಡಲಿನ ನೀರು ಏರಿಳಿತದೊಂದಿಗೆ ಮೈಲಿಗಟ್ಟಲೆ ಒಳನುಗ್ಗಿ ಹಿಂದಿರುಗುವ ಅಳಿವೆಗಳು, ಗಾಳಿಗೆ ಬಾಗಿದ ಬೇಲಿಗಳು, ಹೂಕೋಸಿನ ಮತ್ತು ಆರ್ಟಿಚೋಕ್ ಎಂಬ ಮುಳ್ಳುಮೊಗ್ಗಿನ ತರಕಾರಿಯ ಹೊಲಗಳು, ಕಪ್ಪು ಕಲ್ಲಿನ ಮನೆಗಳು, ಸಮುದ್ರದ ಪಾಚಿಯನ್ನು ಬಾಚಿ ತಂದು ಬದುಕುವ ಜನ—ಇಷ್ಟು ಲೇಯೋನ್. ಪ್ಲುಗರ್ನೋ ಎಂಬ ಊರಿನೆದುರಿನ ದ್ವೀಪದಲ್ಲಿರುವ ದೀಪಸ್ತಂಭದ ಎತ್ತರ 82.5 ಮೀಟರು, ಕಲ್ಲಿನಿಂದ ಕಟ್ಟಿದ ದೀಪಸ್ತಂಭಗಳಲ್ಲಿ ಯೂರೋಪಿನಲ್ಲೇ ಅದಕ್ಕಿಂತ ಎತ್ತರವಾದುದಿಲ್ಲ. 1978ರ ಮಾರ್ಚ್ ತಿಂಗಳಿನಲ್ಲಿ ‘ಅಮೋಕೋ ಕಾಡಿಜ್’ ಎಂಬ ತೈಲದ ಹಡಗು ಪೋರ್ಟ್ಸಾಲ್ ಎಂಬ ಊರಿನ ಬಳಿ ಬಂಡೆಗೆ ಬಡಿದು, ಎರಡು ಲಕ್ಷ ಟನ್ನಿಗೂ ಮೀರಿದ ಎಣ್ಣೆ ಈ ತೀರಕ್ಕೇ ಹರಿದುಬಂದಿತ್ತು. ಲೋಕದ ಪತ್ರಿಕೆಗಳಲ್ಲಿ ಈ ಮೂಲೆಯ ಹೆಸರು ದಪ್ಪಕ್ಷರಗಳಲ್ಲಿ ಬಂದದ್ದು ಆಗಲೇ ಎನ್ನಬೇಕು.

ಈರುಳ್ಳಿ ಹೊತ್ತ ಸೈಕಲ್ಲುಗಳು

ಈ ನಾಡಿಗೂ ಬೈಸಿಕಲ್ಲಿಗೂ ಇರುವ ನಂಟು ಹಳೆಯದು. ಲೇಯೋನಿನ ರೋಸ್ಕೋಫ್ ಬಂದರಿನಿಂದ 1828ರಲ್ಲಿ ಆನ್ರಿ ಒಲಿವಿಯೆ ಎಂಬ ಯುವಕ ಈರುಳ್ಳಿಯನ್ನು ಹಡಗಿಗೆ ತುಂಬಿಕೊಂಡು ಇಂಗ್ಲೆಂಡಿಗೆ ಹೋಗಿ ಮಾರಿ ಬಂದ. ಅವನ ಹಿಂದೆ ನೂರಾರು ಮಂದಿ ಹೊರಟರು. ಸೈಕಲ್ ಬಂದ ಮೇಲೆ ಅದರ ಕೈಪಿಡಿಯ ತುಂಬ ಹೆಣೆದ ಈರುಳ್ಳಿಯ ಜಡೆಗಳನ್ನು ತೂಗುಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟುವ ಇವರನ್ನು ಆಂಗ್ಲರು ‘ಜಾನಿ’ಗಳೆಂದು ಕರೆದರು. ಇವರಲ್ಲಿ ಅನೇಕರಿಗೆ ಫ್ರೆಂಚ್ ಅಷ್ಟಕ್ಕಷ್ಟೆ, ಇಂಗ್ಲಿಷ್ ಮೊದಲೇ ಬಾರದು. ಆದರೆ ವೇಲ್ಸ್ ಸೀಮೆಗೆ ಹೋದಾಗ ವ್ಯಾಪಾರಕ್ಕೆ ಬೇಕಾದಷ್ಟು ಮಾತು ಅವರಿಗೆ ತಾನಾಗಿ ಒದಗುತ್ತಿತ್ತು. ಅವರ ಮನೆಮಾತಾದ ಬ್ರೆಟನ್ನೂ ವೇಲ್ಸಿನ ಜನದ ಮಾತೂ ಕೆಲ್ಟಿಕ್ ಕುಲದ ಅಕ್ಕತಂಗಿಯರಲ್ಲವೆ!

ಅತ್ತ 1891ರಲ್ಲಿ, ಪ್ಯಾರಿಸಿನಿಂದ ಲೇಯೋನಿನ ಮಗ್ಗುಲಿನ ಬ್ರೆಸ್ಟ್ ನಗರಕ್ಕೆ ಹೋಗಿ ಹಿಂದಿರುಗುವ ಸುಮಾರು 1,200 ಕಿಲೋಮೀಟರುಗಳ ಪಂದ್ಯವನ್ನು ಶಾರ್ಲ್ ಟೆರೋನ್ ಮೂರು ದಿನಗಳೊಳಗೆ ಮುಗಿಸಿ ಲೋಕವನ್ನು ಬೆರಗುಗೊಳಿಸಿದ. ಆ ದಾರಿ ಈಗ ಪಂದ್ಯವಾಗಿ ಉಳಿಯದೆ ಹವ್ಯಾಸಿಗಳ ಯಾತ್ರೆಯಾಗಿದೆ. 2019ರಲ್ಲೂ 2023ರಲ್ಲೂ ಭಾರತದಿಂದ ಹೋದ ನೂರಾರು ಮಂದಿ ಸವಾರರಲ್ಲಿ ಬೆಂಗಳೂರಿನವರೂ ಇದ್ದರು. ಬ್ರಿಟನಿಯ ವೀರರ ಪಟ್ಟಿಯಂತೂ ಉದ್ದವಾದುದು. ಸಾನ್ ಮೇಯಾನ್ ಊರಿನ ರೊಟ್ಟಿ ಅಂಗಡಿಯವನ ಮಗ ಲೂಯಿಸೋನ್ ಬೋಬೆ 1953ರಿಂದ ಮೂರು ವರ್ಷ ಎಡೆಬಿಡದೆ ‘ಟೂರ್ ದ ಫ್ರಾನ್ಸ್’ ಗೆದ್ದ. ಇಫಿನ್ಯಾಕ್ ಎಂಬ ಊರಿನ ಬೆರ್ನಾರ್ ಈನೋ ಅದನ್ನು ಐದು ಬಾರಿ ಗೆದ್ದು, 1986ರಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸಿ ಹಸು ಸಾಕಲು ಹೊರಟ.

ಕೊರಳಿಗೆ ಕಟ್ಟಿದ ಮರದ ಕೆರ

ಇಷ್ಟೆಲ್ಲ ಇದ್ದರೂ ಈ ಪಂದ್ಯ ಹುಟ್ಟಿದುದು ಸೈಕಲ್ಲಿನ ಮೋಹವೊಂದರಿಂದಲೇ ಅಲ್ಲ. ಅದರ ಹಿಂದೆ ಒಂದು ನೋವಿದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಬ್ರೆಟನ್ ಆಡುತ್ತಿದ್ದರು. ಲೇಯೋನಿನ ಹಳ್ಳಿಗಳಲ್ಲಿ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವವರೆಗೆ ಬೇರೊಂದು ಮಾತನ್ನು ಕೇಳಿಯೇ ಇರುತ್ತಿರಲಿಲ್ಲ. ಶಾಲೆಯಲ್ಲಾದರೋ ಫ್ರೆಂಚ್ ಒಂದೇ. ಅಪ್ಪಿತಪ್ಪಿ ತಾಯ್ನುಡಿಯಾಡಿದ ಮಗುವಿನ ಕೊರಳಿಗೆ ಮರದ ಹಳೆಯ ಕೆರವನ್ನೋ ಅಂಥದೇ ಇನ್ನೊಂದು ವಸ್ತುವನ್ನೋ ತೂಗುಹಾಕುತ್ತಿದ್ದರು. ಅದಕ್ಕೆ ‘ಗುರುತು’ ಎಂದು ಹೆಸರು. ಬ್ರೆಟನ್ ಆಡಿದ ಇನ್ನೊಂದು ಮಗುವನ್ನು ಹಿಡಿದುಕೊಟ್ಟಾಗ ಕೆರ ಆ ಕೊರಳಿಗೆ ವರ್ಗವಾಗುತ್ತಿತ್ತು. ಸಂಜೆ ಯಾರ ಕೊರಳಿನಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. ಒಂದು ಭಾಷೆಯನ್ನು ಕೊಲ್ಲುವುದಕ್ಕೆ ಕತ್ತಿ ಬೇಕಿಲ್ಲ, ನಾಚಿಕೆ ಸಾಕು. ಹೀಗೆ ಕೆರ ಕಟ್ಟಿಸಿಕೊಂಡ ಮಕ್ಕಳು ದೊಡ್ಡವರಾಗಿ ತಂದೆತಾಯಿಗಳಾದಾಗ, ತಮ್ಮ ಮಕ್ಕಳೊಡನೆ ಫ್ರೆಂಚನ್ನೇ ಆಡಿದರು. ಅವರನ್ನು ದೂರುವವರು ಯಾರು?

1977ರಲ್ಲಿ ಲೇಯೋನಿನದೇ ಆದ ಲಾಂಪೋಲ್ ಪ್ಲೂಡಲ್ಮೆಜೋ ಎಂಬ ಸಣ್ಣ ಊರಿನಲ್ಲಿ, ಬೆರಳೆಣಿಕೆಯ ಮಕ್ಕಳೊಡನೆ, ಬ್ರೆಟನ್ ಮಾಧ್ಯಮದ ಪುಟ್ಟ ಶಾಲೆಯೊಂದು ಬಾಗಿಲು ತೆರೆಯಿತು. ಅದನ್ನು ನಡೆಸಿದ ಸಂಘದ ಹೆಸರು ‘ದಿವಾನ್’. ಮೈಸೂರಿನ ದಿವಾನರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬ್ರೆಟನ್ ಭಾಷೆಯಲ್ಲಿ ದಿವಾನ್ ಎಂದರೆ ಮೊಳಕೆ. ಮಗುವನ್ನು ಮೊದಲು ಬ್ರೆಟನ್ನಿನಲ್ಲೇ ಮುಳುಗಿಸಿ, ಅನಂತರ ಫ್ರೆಂಚ್ ಕಲಿಸುವುದು ಅವರ ಕ್ರಮ. ಉತ್ಸಾಹಕ್ಕೇನೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಹಣಕ್ಕೆ.

ಆಗ ಮುಂದೆ ಬಂದವನು ಝಾನ್ ಪೋಲ್ ಮೆಲುಯೆ. ಶಾಲೆಗೆ ಹಣ ಕೂಡಿಸುವುದಕ್ಕೆ ನಾಟಕವಾಡಿಸುವವರುಂಟು, ಲಾಟರಿ ಚೀಟಿ ಮಾರುವವರುಂಟು. ಮೆಲುಯೆ ಸೈಕಲ್ ಪಂದ್ಯವನ್ನು ಹೂಡಿದ. 1984ರಲ್ಲಿ ಮೊದಲ ಟ್ರೋ ಬ್ರೋ ಲೇಯೋನ್ ಓಡಿತು. ಹೆಸರನ್ನು ಫ್ರೆಂಚಿನಲ್ಲಿ ಇಡದೆ ಬ್ರೆಟನ್ನಿನಲ್ಲೇ ಇಟ್ಟದ್ದು ಅವನ ಹಟವೂ ಹೌದು, ಜಾಣ್ಮೆಯೂ ಹೌದು. ಪಂದ್ಯದ ಸುದ್ದಿ ಬರೆಯುವ ಪ್ಯಾರಿಸಿನ ಪತ್ರಿಕೆಯೂ ಬೆಲ್ಜಿಯಮ್ಮಿನ ಪತ್ರಿಕೆಯೂ ಆ ಮೂರು ಬ್ರೆಟನ್ ಶಬ್ದಗಳನ್ನು ಅಚ್ಚು ಹಾಕಲೇಬೇಕಾಯಿತು.

ರಿಬಿನ್ ಎಂಬ ಬಂಡಿಜಾಡು

ಬ್ರಿಟನಿಯಲ್ಲಿ ಸೈಕಲ್ ಪಂದ್ಯಗಳಿಗೆ ಬರವಿಲ್ಲ. ಅವುಗಳ ನಡುವೆ ಇದು ಬೇರೆಯೆನಿಸುವುದಕ್ಕೆ ಕಾರಣ ‘ರಿಬಿನ್’. ಹೊಲದಿಂದ ಹೊಲಕ್ಕೆ, ತೋಟದಿಂದ ಕಡಲಂಚಿಗೆ ರೈತರು ಹೋಗಿಬರುವ ಬಂಡಿಜಾಡನ್ನು ಲೇಯೋನಿನವರು ಹಾಗೆ ಕರೆಯುತ್ತಾರೆ. ಎರಡು ಕಡೆ ಟ್ರ್ಯಾಕ್ಟರಿನ ಚಕ್ರ ತುಳಿದು ಗಟ್ಟಿಯಾದ ಪಟ್ಟೆ, ನಡುವೆ ಹುಲ್ಲಿನ ದಿಂಡು. ಕೆಲವೆಡೆ ಜಲ್ಲಿ, ಕೆಲವೆಡೆ ಮರಳು, ಮಳೆ ಬಂದರೆ ಎಲ್ಲ ಕಡೆಯೂ ಕೆಸರು. ಇಂಥ ಎರಡು ಡಜನಿಗೂ ಮೀರಿದ ತುಂಡುಗಳನ್ನು ಸುಮಾರು 200 ಕಿಲೋಮೀಟರುಗಳ ಹಾದಿಯಲ್ಲಿ ಮಣಿಗಳಂತೆ ಪೋಣಿಸಿದ್ದಾರೆ. ಒಂದು ತುಂಡು ಕೆಲವು ನೂರು ಮೀಟರು, ಇನ್ನೊಂದು ಎರಡು ಕಿಲೋಮೀಟರು. ಪ್ಯಾರಿಸ್–ರೂಬೆಗೆ ‘ಉತ್ತರದ ನರಕ’ ಎಂಬ ಬಿರುದು ಇರುವುದರಿಂದ ಇದಕ್ಕೆ ‘ಪಶ್ಚಿಮದ ನರಕ’ ಎಂಬ ಹೆಸರು ಸಹಜವಾಗಿಯೇ ಬಂತು.

ಈ ನರಕ ಹೇಗಿರುತ್ತದೆ? ಡಾಂಬರು ರಸ್ತೆಯ ಮೇಲೆ ನೂರಾರು ಸವಾರರು ಒತ್ತಾಗಿ ಒಂದೇ ಹಿಂಡಿನಂತೆ ಹೋಗುತ್ತಾರೆ. ಮುಂದಿನವನ ಬೆನ್ನಿನ ಮರೆಯಲ್ಲಿ ಗಾಳಿ ತಾಗದೆ ಸಾಗಿದರೆ ಶ್ರಮ ಎಷ್ಟೋ ಕಡಿಮೆ. ಆದುದರಿಂದ ಜಾಣನಾದವನು ಕೊನೆಯವರೆಗೂ ಇನ್ನೊಬ್ಬನ ನೆರಳಿನಲ್ಲಿ ಅಡಗಿರುತ್ತಾನೆ. ರಿಬಿನ್ ಬಂದೊಡನೆ ಈ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಎರಡು ಪಟ್ಟೆಗಳಲ್ಲಿ ಇಬ್ಬರೇ ಜೊತೆಯಾಗಿ ಹೋಗಬಲ್ಲರು. ಹಿಂದೆ ಉಳಿದವನಿಗೆ ಧೂಳಲ್ಲದೆ ಬೇರೇನೂ ಕಾಣದು. ಮುಂದಿನವನು ಜಾರಿ ಬಿದ್ದರೆ ಅವನ ಮೇಲೆ ತಾನೂ ಬೀಳಬೇಕು. ಹೀಗಾಗಿ ರಿಬಿನ್ನಿಗೆ ಒಂದು ಮೈಲಿ ಮೊದಲೇ, ಇನ್ನೂ ಡಾಂಬರಿನ ಮೇಲಿರುವಾಗಲೇ, ಅದರ ಬಾಯಿಗೆ ಮೊದಲು ತಲುಪುವುದಕ್ಕಾಗಿ ಭುಜಕ್ಕೆ ಭುಜ ತಾಗಿಸಿ ನಡೆಯುವ ನೂಕುನುಗ್ಗಲಿದೆಯಲ್ಲ, ಪಂದ್ಯದ ಅರ್ಧ ಬಲ ಅಲ್ಲೇ ವೆಚ್ಚವಾಗಿಬಿಡುತ್ತದೆ.

ಒಂದೊಂದು ತಂಡದಲ್ಲಿ ಏಳು ಮಂದಿ. ಏಳರಲ್ಲಿ ಗೆಲ್ಲಬೇಕೆಂದು ಗೊತ್ತುಮಾಡಿಕೊಂಡವನು ಒಬ್ಬನೋ ಇಬ್ಬರೋ. ಉಳಿದವರು ಅವನಿಗಾಗಿ ದುಡಿಯುವವರು. ಗಾಳಿಗೆ ಎದೆಯೊಡ್ಡಿ ಮುಂದೆ ಹೋಗುವುದು, ನೀರಿನ ಬಾಟಲಿ ತಂದುಕೊಡುವುದು, ನಾಯಕನ ಚಕ್ರ ಒಡೆದರೆ ತನ್ನ ಚಕ್ರವನ್ನೇ ಬಿಚ್ಚಿಕೊಟ್ಟು ದಾರಿಯ ಬದಿಯಲ್ಲಿ ನಿಂತುಬಿಡುವುದು, ಇವು ಅವರ ಕೆಲಸ. ಡಾಂಬರು ರಸ್ತೆಯಲ್ಲಿ ಚಕ್ರ ಪಂಕ್ಚರಾದರೆ ಹಿಂದಿನಿಂದ ತಂಡದ ಕಾರು ಬಂದು ಅರೆನಿಮಿಷದಲ್ಲಿ ಬೇರೆ ಚಕ್ರ ಹಾಕಿಕೊಡುತ್ತದೆ. ರಿಬಿನ್ನಿನಲ್ಲಿ ಕಾರು ಎಲ್ಲಿಂದ ಬರಬೇಕು? ಇಪ್ಪತ್ತು ಕಾರುಗಳು ಒಂದರ ಹಿಂದೆ ಒಂದಾಗಿ ಆ ಇರುಕು ಜಾಡಿನಲ್ಲೇ ಸಿಕ್ಕಿಕೊಂಡಿರುತ್ತವೆ. ಅದಕ್ಕಾಗಿ ಪ್ರತಿ ತಂಡದ ಸಿಬ್ಬಂದಿಯವರೂ ಜಾಡು ಮುಗಿಯುವ ಕಡೆ ಮೊದಲೇ ಹೋಗಿ, ಎರಡು ಕೈಗಳಲ್ಲೂ ಚಕ್ರಗಳನ್ನು ಎತ್ತಿ ಹಿಡಿದು ಕಾದು ನಿಲ್ಲುತ್ತಾರೆ. ಗಾಳಿ ಹೋದ ಚಕ್ರದಲ್ಲೇ ಕುಪ್ಪಳಿಸುತ್ತ ಅವರವರೆಗೆ ತಲುಪಿದರೆ ಪುಣ್ಯ. ತಲುಪದಿದ್ದವನು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಕೋಸುಹೊಲದ ಬದುವಿನ ಮೇಲೆ ಓಡುವುದನ್ನೂ ನೋಡಬಹುದು.

ಈಗೀಗ ಅಗಲವಾದ ಟೈರುಗಳು, ಸಣ್ಣ ತೂತನ್ನು ಒಳಗಿನಿಂದಲೇ ಮುಚ್ಚುವ ಅಂಟುದ್ರವ ಎಲ್ಲ ಬಂದಿವೆ. ಆದರೂ ಲೇಯೋನಿನ ಚೂಪುಗಲ್ಲಿಗೆ ಅವು ಯಾವಾಗಲೂ ಉತ್ತರವಾಗಲಾರವು. ಕಡಲಿನ ಗಾಳಿಯದು ಬೇರೆಯೇ ಕಥೆ. ಹಾದಿ ಅಂಕುಡೊಂಕಾಗಿ ಸುತ್ತುವುದರಿಂದ, ಈಗ ಬೆನ್ನು ತಟ್ಟಿದ ಗಾಳಿ ಮುಂದಿನ ತಿರುವಿನಲ್ಲಿ ಕೆನ್ನೆಗೆ ಹೊಡೆಯುತ್ತದೆ.

ಮೊದಮೊದಲು ಹವ್ಯಾಸಿಗಳಿಗೆ ಮೀಸಲಾಗಿದ್ದ ಪಂದ್ಯ ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ವೃತ್ತಿಪರ ಸವಾರರದಾಯಿತು. ಗೆದ್ದವರ ಹೆಸರುಗಳನ್ನು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಇಲ್ಲಿ ಬರೀ ವೇಗದವರಿಗೂ ಬರೀ ಬೆಟ್ಟ ಹತ್ತುವವರಿಗೂ ಖಾತರಿಯಿಲ್ಲ. 2008ರಲ್ಲಿ ಗೆದ್ದ ಫ್ರೆದೆರಿಕ್ ಗೆದೋನ್ ಬೋಬೆಯ ಊರಿನಲ್ಲೇ ಹುಟ್ಟಿದವನು, 1997ರಲ್ಲಿ ರೂಬೆಯ ಹಾಸುಗಲ್ಲನ್ನು ಸಂಪಾದಿಸಿದ್ದವನು. 2012ರಲ್ಲಿ ಸಾಗರದಾಚೆಯ ಕೆನಡಾದಿಂದ ಬಂದ ರಯಾನ್ ರಾತ್ ಗೆದ್ದ. ಮರುವರ್ಷ ಗೆದ್ದ ಫ್ರಾನ್ಸಿಸ್ ಮೂರೆಯ ನಿಜವಾದ ಕಸುಬು ಚಳಿಗಾಲದ ಕೆಸರಿನಲ್ಲಿ ನಡೆಯುವ ಸೈಕ್ಲೋಕ್ರಾಸ್ ಪಂದ್ಯ. ಅದರಲ್ಲಿ ಅವನು ಹಲವು ಬಾರಿ ಫ್ರಾನ್ಸಿನ ಚಾಂಪಿಯನ್. ಅವನಿಗೆ ರಿಬಿನ್ ಮನೆಯಂಗಳವಿದ್ದಂತೆ! 2017ರಲ್ಲಿ ಗೆದ್ದ ದಾಮಿಯೆನ್ ಗೋದಾನ್ ಫ್ರೆಂಚ್ ಭೂಸೇನೆಯ ತಂಡದವನು. 2023ರಲ್ಲಿ ಯೂರೋಪಿನ ಮಾಜಿ ಚಾಂಪಿಯನ್ನನಾದ ಇಟಲಿಯ ಜಾಕೊಮೊ ನಿಟ್ಸೋಲೊ ಗೆದ್ದರೆ, 2024ರಲ್ಲಿ ಬೆಲ್ಜಿಯಮ್ಮಿನ ಆರ್ನೋ ದ ಲೀ ಗೆದ್ದ. ಹೈನುಗಾರರ ಮನೆಯಲ್ಲಿ ಹಸುಗಳ ನಡುವೆ ಬೆಳೆದ ಈ ಹುಡುಗನಿಗೆ ‘ಗೂಳಿ’ ಎಂದೇ ಅಡ್ಡಹೆಸರು. 2025ರ ಜಯ ಫ್ರಾನ್ಸಿನ ಬಾಸ್ತಿಯೆನ್ ಟ್ರೋಂಶೋನನದು.

ದೊಡ್ಡ ಪಂದ್ಯಗಳು ನುಣುಪಾದ ಹೆದ್ದಾರಿಗಳನ್ನು ಹುಡುಕುತ್ತಿದ್ದ ಕಾಲದಲ್ಲಿ ಮೆಲುಯೆ ಸವಾರರನ್ನು ಬಂಡಿಜಾಡಿಗೆ ಇಳಿಸಿದ್ದ. ಕಾಲ ಕಳೆದಂತೆ ದೊಡ್ಡವರೂ ಮಣ್ಣಿನ ದಾರಿಗೆ ಬಂದರು. ಇಟಲಿಯ ಬಿಳಿಮಣ್ಣಿನ ರಸ್ತೆಗಳ ಸುಪ್ರಸಿದ್ಧ ಪಂದ್ಯ ‘ಸ್ತ್ರಾದೆ ಬಿಯಾಂಕೆ’ ವೃತ್ತಿಪರರಿಗಾಗಿ ಆರಂಭವಾದದ್ದು 2007ರಲ್ಲಿ. ಶತಮಾನ ದಾಟಿದ ಪ್ಯಾರಿಸ್–ಟೂರ್ ಪಂದ್ಯ ದ್ರಾಕ್ಷಿತೋಟದ ಹಾದಿಗಳನ್ನು ಹೊಕ್ಕಿದ್ದು 2018ರಲ್ಲಿ. ಟ್ರೋ ಬ್ರೋ ಲೇಯೋನಿಗೂ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟದ ಎರಡನೆಯ ಶ್ರೇಣಿಯಲ್ಲಿ ಸ್ಥಾನ ದೊರೆತಿದೆ. ಕೊರೋನಾ ಪಿಡುಗಿನಿಂದ 2020ರಲ್ಲಿ ನಿಂತದ್ದು ಬಿಟ್ಟರೆ, ಈ ಏಳ್ಗೆಗೆ ಅಡ್ಡಿಯೇನೂ ಬಂದಿಲ್ಲ.

ಯಾವ ನುಡಿಗಾಗಿ ಪಂದ್ಯ ಹುಟ್ಟಿತೋ ಆ ನುಡಿಯ ಪಾಡೇನು? ಇಲ್ಲಿ ಕಥೆ ಅಷ್ಟು ಹಿತವಾಗಿಲ್ಲ. 2018ರ ಸಮೀಕ್ಷೆಯಲ್ಲಿ ಬ್ರೆಟನ್ ಆಡಬಲ್ಲವರು ಎರಡು ಲಕ್ಷದಷ್ಟಿದ್ದರು, ಅವರಲ್ಲಿ ಬಹುಪಾಲು 60 ದಾಟಿದವರು. 2025ರಲ್ಲಿ ಪ್ರಕಟವಾದ ಹೊಸ ಸಮೀಕ್ಷೆಯಲ್ಲಿ ಆ ಸಂಖ್ಯೆ 1,07,000ಕ್ಕೆ ಇಳಿದಿತ್ತು. ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಕರಗಿಹೋಯಿತು! ಮುದುಕರು ಹೋಗುತ್ತಿದ್ದಾರೆ, ಅವರ ಜಾಗಕ್ಕೆ ಮಕ್ಕಳು ಬರುವ ವೇಗ ಸಾಲದು. ದಿವಾನ್ ಮೊಳಕೆಯಾಗಿ ಉಳಿಯದೆ ಸಸಿಯಾಗಿದೆ, ಕಾರೆ ಎಂಬ ಊರಿನಲ್ಲಿ ಪ್ರೌಢಶಾಲೆಯನ್ನೂ ನಡೆಸುತ್ತಿದೆ. ಆದರೂ ಅದರ ಎಲ್ಲ ಶಾಲೆಗಳ ಮಕ್ಕಳು ಸೇರಿದರೆ ಸುಮಾರು 4,000.

ಸರಕಾರದ ಮನಸ್ಸೂ ಪೂರ್ತಿ ಕರಗಿಲ್ಲ. ‘ಗಣರಾಜ್ಯದ ಭಾಷೆ ಫ್ರೆಂಚ್’ ಎಂಬ ಮಾತನ್ನು 1992ರಲ್ಲಿ ಫ್ರಾನ್ಸಿನ ಸಂವಿಧಾನಕ್ಕೆ ಸೇರಿಸಲಾಯಿತು. ಬ್ರಿಟನಿಯ ಸಂಸತ್ ಸದಸ್ಯ ಪೋಲ್ ಮೋಲಾಕ್ ತಂದ ಪ್ರಾದೇಶಿಕ ಭಾಷೆಗಳ ಮಸೂದೆ 2021ರ ಏಪ್ರಿಲ್ ತಿಂಗಳಿನಲ್ಲಿ ಸಂಸತ್ತಿನಲ್ಲಿ ಗೆದ್ದಿತು. ಮರುತಿಂಗಳೇ ಸಂವಿಧಾನ ಪರಿಷತ್ತು, ಮಗುವನ್ನು ಪ್ರಾಂತಭಾಷೆಯಲ್ಲೇ ಮುಳುಗಿಸಿ ಕಲಿಸುವ ಕ್ರಮ ಸಂವಿಧಾನಕ್ಕೆ ಒಪ್ಪದೆಂದು ತೀರ್ಪಿತ್ತಿತು. ಬ್ರೆಟನ್ ಹೆಸರುಗಳಲ್ಲಿ ಬರುವ ‘ಞ’ಕಾರದ ತಲೆಯ ಮೇಲಿನ ಸಣ್ಣ ಅಲೆಗೆರೆಗೂ ಅದೇ ತೀರ್ಪಿನಲ್ಲಿ ಕತ್ತರಿ ಬಿತ್ತು. ಒಂದು ಗೆರೆಗೆ ಒಂದು ರಾಷ್ಟ್ರ ಹೆದರುವುದುಂಟೆ ಎಂದು ಬ್ರಿಟನಿಯವರು ಕೇಳಿದರೆ ತಪ್ಪೇನು?

ಸೈಕಲ್ಲಿನ ಲೋಕದಲ್ಲೂ ನಷ್ಟವಿಲ್ಲದಿಲ್ಲ. 2021ರಲ್ಲಿ ಬ್ರಿಟಿಷ್ ಸವಾರ ಕಾನರ್ ಸ್ವಿಫ್ಟ್ ಗೆದ್ದಾಗ ಅವನು ತೊಟ್ಟಿದ್ದುದು ಬ್ರಿಟನಿಯದೇ ತಂಡವಾದ ಆರ್ಕೇಯಾದ ಅಂಗಿ. ಹೊಸ ಪೋಷಕರು ಸಿಗದೆ ಆ ತಂಡ 2025ರ ಕೊನೆಗೆ ಮುಚ್ಚಿಹೋಯಿತು. ಬ್ರಿಟನಿಯ ಮತ್ತೊಂದು ತಂಡ 2022ರಲ್ಲೇ ಕಣ್ಣುಮುಚ್ಚಿತ್ತು. ಊರಿನ ಹುಡುಗರು ಇನ್ನು ಬೇರೆ ಊರುಗಳ ಅಂಗಿ ತೊಟ್ಟೇ ಹಂದಿಮರಿಗಾಗಿ ಹೋರಾಡಬೇಕು.

ಆದರೂ ಪಂದ್ಯದ ಭಾನುವಾರ ಲಾನಿಲಿಸ್ ಊರಿಗೆ ಹೋದವರಿಗೆ ಸೂತಕದ ಛಾಯೆಯೇನೂ ಕಾಣದು. ಹೊಲದ ಬೇಲಿಗಳುದ್ದಕ್ಕೂ ಕಪ್ಪುಬಿಳುಪಿನ ಬ್ರಿಟನಿ ಧ್ವಜಗಳು ಪಟಪಟಿಸುತ್ತಿರುತ್ತವೆ. ಅದರ ಒಂಬತ್ತು ಪಟ್ಟೆಗಳಲ್ಲಿ ನಾಲ್ಕು ಬಿಳಿಯವು ಬ್ರೆಟನ್ ಆಡುವ ಸೀಮೆಗಳ ಗುರುತು. ಆ ನಾಲ್ಕರಲ್ಲಿ ಲೇಯೋನ್ ಒಂದು. ಬ್ರೆಟನ್ನಿನ ಒಂದಕ್ಷರ ಬಾರದ ಡಚ್ಚರೂ ಆಸ್ಟ್ರೇಲಿಯದವರೂ ಹಿಂದಿನ ಸಂಜೆಯಿಂದಲೇ ನಕ್ಷೆಯ ಮೇಲೆ ಬೆರಳಿಟ್ಟು, ಯಾವ ರಿಬಿನ್ ಕೆಟ್ಟದ್ದು, ಯಾವ ರಿಬಿನ್ನಿನಲ್ಲಿ ಎಡಪಟ್ಟೆ ಹಿಡಿಯಬೇಕು ಎಂದು ಚರ್ಚಿಸುತ್ತಿರುತ್ತಾರೆ. ಹಿಂದೊಮ್ಮೆ ಶಾಲೆಯ ಅಂಗಳದಲ್ಲಿ ಆಡಿದ್ದರೆ ಕೊರಳಿಗೆ ಕೆರ ಕಟ್ಟಿಸುತ್ತಿದ್ದ ಮಾತು ಅದು.

ಸಂಜೆಯ ಹೊತ್ತಿಗೆ ಮುಖದ ತುಂಬ ಮಣ್ಣು ಮೆತ್ತಿಕೊಂಡ ಸವಾರರು ಒಬ್ಬೊಬ್ಬರಾಗಿ ಗೆರೆ ದಾಟುತ್ತಾರೆ. ಗೆದ್ದವನ ಸಂಭ್ರಮ ಮುಗಿದ ಮೇಲೂ ಜನ ಕದಲುವುದಿಲ್ಲ. ಬ್ರಿಟನಿಯ ಮೊದಲಿಗ ವೇದಿಕೆ ಹತ್ತಿ, ಆ ಮರಿಯನ್ನು ಎತ್ತಿಕೊಂಡು, ಅದು ಕೈ ಜಾರದಂತೆ ಹಿಡಿಯಲು ಪಡುವ ಪಾಡನ್ನು ನೋಡಬೇಕಲ್ಲ!